ಕಾಲು ಗಂಟೆ

ಮೆಲೆರಿ ಓಡುತ್ತಾಳೆ. ನಾನು ಬರೆದುಕೊಳ್ಳುತ್ತೇನೆ.
ಕಣಿವೆಯ ರೈಲುದಾರಿಯಲ್ಲಿ ಇಪ್ಪತ್ತೆಂಟು ವರ್ಷ
ಸಿಗ್ನಲ್ಲಿನ ಸನ್ನೆಕೋಲು ಎಳೆದ ಕೈ ಇದು,
ನಿಮಿಷವನ್ನು ನಿಮಿಷ ಅಂತಲೇ ಹೇಳಿ ರೂಢಿ.

ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವವಳು
ಐವತ್ಮೂರು ತುಂಬಿದ ಸಂಜೆ ತಟ್ಟೆ ಒರೆಸುತ್ತ ಅಂದಳು:
"ವೇಲ್ಸಿನ ಬಡಗಣ ಕಡಲಿಂದ ತೆಂಕಣ ಕಡಲಿಗೆ
ಬೆಟ್ಟದ ಬೆನ್ನಮೇಲೇ ಓಡಿಬಿಡ್ತೀನಿ, ಗೆತಿನ್.
ಮೊರ್ವೆನ್ ಓಡಿದ ಹೊತ್ತನ್ನ ಮುರೀತೀನಿ."
ನಾಲ್ಕು ಹಗಲು, ನಾಲ್ಕು ಇರುಳು, ಮೇಲೆ ಆರು ಗಂಟೆ;
ಇಪ್ಪತ್ತೊಂಬತ್ತು ವರ್ಷದಿಂದ ಯಾರೂ ಅಲುಗಿಸದ್ದು.
"ಮುಟ್ಟು ನಿಂತ ಮೇಲೆ ಹುಚ್ಚು ಶುರುವಾಯ್ತಾ?" ಅಂದೆ.
ಒರೆಸುವ ಬಟ್ಟೆ ಮುಖಕ್ಕೆ ಬಂತು.
ಅಲ್ಲಿಗೆ ನಾನು ಒಪ್ಪಿದ ಹಾಗಾಯಿತು.

ಈಗ ಬ್ರೆಡ್ಡಿನವನ ಹಳೆ ವ್ಯಾನಿನಲ್ಲಿ
ರಸ್ತೆ ಬೆಟ್ಟವನ್ನು ಅಡ್ಡ ಹಾಯುವಲ್ಲೆಲ್ಲ ಕಾಯುತ್ತೇನೆ.
ಉಪ್ಪು ಸವರಿದ ಆಲೂಗಡ್ಡೆ, ಆರಿದ ಅಕ್ಕಿ ಪಾಯಸ,
ಒಣ ಕಾಲುಚೀಲ, ನಾಚಿಕೆ ಬಿಟ್ಟು
ಹಚ್ಚಬೇಕಾದ ಕಡೆಗೆಲ್ಲ ಹಚ್ಚುವ ಮುಲಾಮು.
ರಿನೋಗ್ ಬಂಡೆಗಳಲ್ಲಿ ಇಪ್ಪತ್ತು ನಿಮಿಷ ಮುಂದಿದ್ದಳು.
ಪುಮ್ಲುಮೊನ್ ಜೌಗಿನಲ್ಲಿ ಒಂದು ಶೂ ಹೂತು,
ಮೊಣಕೈತನಕ ಬಗೆದು ತೆಗೆಯುವಷ್ಟರಲ್ಲಿ
ಉಪಗ್ರಹದೊಂದಿಗೆ ಮಾತಾಡುವ ಯಂತ್ರ ನೀರು ಕುಡಿದು ಸತ್ತು,
ಏಳು ನಿಮಿಷ ಹಿಂದೆ.
ಮೂರನೆಯ ರಾತ್ರಿ ಹಣೆದೀಪಕ್ಕೆ ಹೊಳೆದ ಕುರಿಗಳ ಕಣ್ಣು
ಊಟದ ಸಾಲಿನ ಮಕ್ಕಳ ಹಾಗೆ ಕಂಡವಂತೆ.
"ತಟ್ಟೆ ನೆಟ್ಟಗೆ ಹಿಡೀರಿ, ತಳ್ಳಬೇಡಿ" ಅಂದಳಂತೆ.
ಜೊತೆಗೆ ಓಡುವ ಹುಡುಗ ಯೆಸ್ಟಿನ್ ಬಂದು ಹೇಳಿ ನಕ್ಕ,
ಆಮೇಲೆ ನಗಲಿಲ್ಲ.

ಅವಳ ಮಂಡಿ ನನ್ನ ಅಂಗೈಯಲ್ಲಿ
ಒಲೆಯಿಂದ ಈಗ ತೆಗೆದ ಬನ್ನಿನ ಹಾಗೆ ಊದಿ, ಬಿಸಿ.
ಸಾಕು ಅನ್ನಲು ಬಾಯಿ ತೆರೆದೆ.
"ಎಷ್ಟು?" ಅಂದಳು.
"ಕಾಲು ಗಂಟೆ ಹಿಂದೆ."
ಎದ್ದು ಹೋದಳು.
ಕಾಲಿಗೆ ಕಾಲು ಗಂಟೆ ಸಾಲ, ಎಂದು ಬರೆದುಕೊಂಡೆ.

ಕೊನೆಯ ಬೆಳಗು, ಜಿಟಿಮಳೆ. ಒಂದು ಕೆಂಪು ಕಾರು ಬಂದು ನಿಂತಿತು.
ಎಪ್ಪತ್ತೊಂದರ ಮೊರ್ವೆನ್, ಬದಲಿಸಿದ ಸೊಂಟ,
ಎರಡು ಊರುಗೋಲು, ಒಂದು ಫ್ಲಾಸ್ಕು.
ದಾಖಲೆ ಕಾಯಲು ಬಂದಳೋ, ಬಿಟ್ಟುಕೊಡಲು ಬಂದಳೋ,
ಕೇಳುವುದು ಹೇಗೆ? ಲೀಕ್ ಸಾರು ಬಗ್ಗಿಸಿ ಕೊಟ್ಟಳು.
ನನ್ನ ಪುಸ್ತಕವನ್ನು ಬೆರಳಿಟ್ಟು ಸಾಲು ಸಾಲು ಓದಿದಳು.
"ನಮ್ಮ ಇದ್ರಿಸ್ ಕೂಡ ಹೀಗೇ ಪೆನ್ಸಿಲಲ್ಲಿ ಬರೀತಿದ್ದ.
ಕೊನೇ ಸಾಲು ಮಾತ್ರ ಪೆನ್ನಲ್ಲಿ.
ಅವತ್ತು ಮಂಜು. ನನಗೆ ಹಗಲೋ ಇರುಳೋ ಗೊತ್ತಿರಲಿಲ್ಲ.
ಅವನು ಹೇಳಿದ್ದೇ ಹೊತ್ತು.
ತುಂಬಾ ಪ್ರೀತಿಸ್ತಿದ್ದ ಅವನು ನನ್ನನ್ನ."
ಇಷ್ಟು ಅಂದು ಮುಚ್ಚಳ ತಿರುಪಿ ಹಾಕಿದಳು.
ತುಂಬಾ ಅಂದರೆ ಎಷ್ಟು ನಿಮಿಷ
ಎಂದು ನಾನು ಕೇಳಲಿಲ್ಲ.

ನೀರು ಮುಟ್ಟಬೇಕು, ಅದು ನಿಯಮ.
ಕಡಲು ಇಳಿದು ಅರ್ಧ ಮೈಲಿ ಆಚೆ ಹೋಗಿತ್ತು.
ಎಲ್ಲ ಲೆಕ್ಕ ಹಾಕಿದ್ದೆ, ಇದೊಂದನ್ನು ಬಿಟ್ಟು.
ಮಂಜಿನೊಳಗಿಂದ ಮೆಲೆರಿ ಬಂದಳು. ಓಟವಲ್ಲ ಅದು,
ಬೀಳುವುದನ್ನು ಹೆಜ್ಜೆಗೊಮ್ಮೆ ಮುಂದಕ್ಕೆ ಹಾಕುವುದು.
ಮರಳು, ಕೆಸರು, ಏಡಿ ತೋಡಿದ ತೂತು;
ನೀರು ಇನ್ನೂ ಅಲ್ಲಿ, ಇನ್ನೂ ಅಲ್ಲಿ.
ದಂಡೆಯ ಬೆಂಚಿನಿಂದ ಮೊರ್ವೆನ್, ಏನೂ ಕಾಣದೆ,
ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು:
ಬಾ! ಬಾ! ಬಾ!
ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ ಮಾತ್ರ.

ಮುಟ್ಟಿದಳು. ಅಲೆಯಲ್ಲೇ ಕುಕ್ಕರಿಸಿದಳು.
"ಎಷ್ಟು?"
ಪೆನ್ಸಿಲಿನ ತುದಿ ನೆಕ್ಕಿದೆ. ಇನ್ನೊಮ್ಮೆ ನೆಕ್ಕಿದೆ.
"ನಾಲ್ಕು ನಿಮಿಷ ತಡ."
"ಉಬ್ಬರ ಇದ್ದಿದ್ರೆ?"
"ಇರಲಿಲ್ಲ."
ಸ್ವಲ್ಪ ಹೊತ್ತು ಕಡಲು ನೋಡಿದಳು.
"ಸರಿ. ಶೂ ಬಿಚ್ಚು."

ಬಿಚ್ಚಿದೆ. ಹೆಬ್ಬೆರಳಿನ ಉಗುರು
ಕಾಲುಚೀಲದಲ್ಲೇ ಉಳಿಯಿತು, ಕಪ್ಪೆಚಿಪ್ಪಿನಂತೆ.
ದಂಡೆಯ ಮೇಲೆ ಮೊರ್ವೆನ್ ಇನ್ನೂ ಕೂಗುತ್ತಲೇ ಇದ್ದಳು.
ಯಾರೂ ಹೋಗಿ ಹೇಳಿರಲಿಲ್ಲ ಅವಳಿಗೆ.